ಮಗಳ ಸ್ಕ್ರಬ್ಸ್‌ಗೆ ಯಾವ ಬಟ್ಟೆ, ಯಾವ ಅಳತೆ? ಒಂದು ಜೊತೆ ಆಗಲೇ ಹಾಳು ಮಾಡಿದ್ದೇನೆ

ಸೂಜಿಮನೆ_ಮಂಡ್ಯ
ಎಲ್ಲರಿಗೂ ನಮಸ್ಕಾರ. ರವಿಕೆ, ಚೂಡಿದಾರ, ಮಕ್ಕಳ ಲಂಗ ಇವನ್ನೆಲ್ಲ ಇಪ್ಪತ್ತು ವರ್ಷದಿಂದ ಮನೆಯಲ್ಲೇ ಹೊಲಿಯುತ್ತಿದ್ದೇನೆ. ಮಗಳು ಮುಂದಿನ ತಿಂಗಳು ಮೈಸೂರಿನಲ್ಲಿ ಹೌಸ್ ಸರ್ಜನ್ (ತರಬೇತಿಯ ವೈದ್ಯೆ) ಆಗಿ ಕೆಲಸಕ್ಕೆ ಸೇರುತ್ತಾಳೆ. ಸಿದ್ಧ ಸ್ಕ್ರಬ್ಸ್, ಅಂದರೆ ಆಸ್ಪತ್ರೆಯಲ್ಲಿ ತೊಡುವ ಸಡಿಲ ಅಂಗಿ ಪ್ಯಾಂಟಿನ ಜೊತೆ, ತೊಡಿಸಿ ನೋಡಿದೆವು. ಅವಳ ಎತ್ತರ ಐದಡಿಗೂ ಕಡಿಮೆ; ತೋಳು ಮೊಣಕೈ ದಾಟುತ್ತದೆ, ಪ್ಯಾಂಟು ನೆಲ ಗುಡಿಸುತ್ತದೆ. ‘ಇದೇನು ಮಹಾ, ನಾನೇ ಹೊಲಿಯುತ್ತೇನೆ’ ಎಂದುಬಿಟ್ಟೆ.

ಕಡು ನೀಲಿ ಕಾಟನ್ ಪಾಪ್ಲಿನ್ ಮೂರು ಮೀಟರ್ ತಂದೆ, 44 ಇಂಚು ಅಗಲದ್ದು. ಕುರ್ತಾ ಅಳತೆಯಲ್ಲಿ ಮೇಲಂಗಿ, ಚೂಡಿದಾರದ ಅಂದಾಜಿನಲ್ಲಿ ಪ್ಯಾಂಟು ಕತ್ತರಿಸಿದೆ. ಮೊದಲ ಒಗೆತಕ್ಕೆ 29 ಇಂಚಿನ ಅಂಗಿ ಒಂದೂವರೆ ಇಂಚು ಮೇಲೆ ಹೋಯಿತು. ಅದರ ಜೊತೆ ನೆನೆಹಾಕಿದ್ದ ಯಜಮಾನರ ಬಿಳಿ ಪಂಚೆ ಈಗ ಆಕಾಶ ನೀಲಿ. ಮಗಳು ಪೆನ್ನು ಬಿತ್ತೆಂದು ಕುಕ್ಕರಗಾಲಿನಲ್ಲಿ ಕೂತಳು, ಪ್ಯಾಂಟಿನ ತೊಡೆಸಂದು ಪರ್ರೆಂದಿತು. ಮನೆಯಲ್ಲಾದ್ದರಿಂದ ಮಾನ ಉಳಿಯಿತು.

ಯಾವ ಬಟ್ಟೆ ತರಲಿ? ಎಷ್ಟು ಮೀಟರ್? ಪ್ಯಾಂಟಿನ ಕಟಿಂಗ್ ಹೇಗೆ? ‘ಆನ್‌ಲೈನಿನಲ್ಲಿ ತರಿಸಿಕೊಳ್ಳಿ’ ಎಂದು ಮಾತ್ರ ಹೇಳಬೇಡಿ.

ಗದ್ದೆಬದು
ಆನ್‌ಲೈನಿನಲ್ಲಿ ತರಿಸಿಕೊಳ್ಳಿ ಅಕ್ಕ.

ಗದ್ದೆಬದು
ತಮಾಷೆಗೆ ಹೇಳಿದೆ, ಕತ್ತರಿ ಕೆಳಗಿಡಿ.

ವಾರ್ಡ್‌ಅಕ್ಕ
ಬಟ್ಟೆ ಅಂಗಡಿಗೆ ಹೋಗುವ ಮೊದಲು ಮಗಳ ಕೈಯಲ್ಲಿ ಒಂದು ಫೋನು ಮಾಡಿಸಿ. ಯಾವ ಬಣ್ಣ ತೊಡಬೇಕು ಎಂದು ವಿಭಾಗದಲ್ಲಿ ಕೇಳಲಿ. ಕೆಲವು ಕಡೆ ಹೌಸ್ ಸರ್ಜನ್‌ಗಳಿಗೆ ಒಂದು ಬಣ್ಣ, ನರ್ಸಿಂಗ್‌ನವರಿಗೆ ಇನ್ನೊಂದು, ತಂತ್ರಜ್ಞರಿಗೆ ಮತ್ತೊಂದು. ಕಡು ನೀಲಿ ಹೊಲಿದು ಕಳುಹಿಸಿದ ಮೇಲೆ ‘ಇದು ನಿಮ್ಮದಲ್ಲ’ ಎಂದರೆ ಏನು ಮಾಡುತ್ತೀರಿ?

ಇನ್ನೊಂದು ವಿಷಯ. ಓಟಿಯ (ಶಸ್ತ್ರಚಿಕಿತ್ಸೆಯ ಕೋಣೆಯ) ಒಳಗೆ ಮನೆಯಿಂದ ತೊಟ್ಟು ಬಂದದ್ದು ನಡೆಯುವುದಿಲ್ಲ. ಅಲ್ಲಿನ ಜೊತೆಯನ್ನು ಅಲ್ಲೇ ಬದಲಾಯಿಸಿಕೊಂಡು ಅಲ್ಲೇ ಬಿಟ್ಟು ಬರಬೇಕು. ನೀವು ಹೊಲಿಯುತ್ತಿರುವುದು ವಾರ್ಡಿಗೆ, ಓಪಿಡಿಗೆ, ಕ್ಯಾಶುವಾಲ್ಟಿಗೆ. ಆದ್ದರಿಂದ ಕ್ರಿಮಿ ತಡೆಯುವ ಬಟ್ಟೆ, ನೀರು ಒಳಗಿಳಿಯದ ಬಟ್ಟೆ ಎಂದೆಲ್ಲ ಮಾರುವವರ ಮಾತಿಗೆ ದುಡ್ಡು ಸುರಿಯಬೇಡಿ. ಸ್ಕ್ರಬ್ಸ್ ರಕ್ಷಾಕವಚವಲ್ಲ. ರಕ್ತ ಸಿಡಿಯುವ ಕೆಲಸವಿದ್ದರೆ ಅದರ ಮೇಲೆ ಗೌನು ತೊಡುತ್ತಾರೆ. ದಿನಾ ಒಗೆಯಲು ಸುಲಭ, ಬೇಗ ಒಣಗುತ್ತದೆ, ಹನ್ನೆರಡು ಗಂಟೆ ಮೈಮೇಲಿದ್ದರೂ ಕಿರಿಕಿರಿಯಿಲ್ಲ, ಇಷ್ಟಿದ್ದರೆ ಸಾಕು.

ಕತ್ತರಿರಾಯರು
ತಾಯಿ, ಶಿವರಾಂಪೇಟೆಯಲ್ಲಿ ಮೂವತ್ತೆಂಟು ವರ್ಷ ಅಂಗಡಿ ನಡೆಸಿದವನು ನಾನು. ನಿಮ್ಮ ಪ್ಯಾಂಟು ಹರಿದದ್ದು ಹೊಲಿಗೆಯ ತಪ್ಪಿನಿಂದಲ್ಲ, ಲೆಕ್ಕದ ತಪ್ಪಿನಿಂದ. 44 ಇಂಚಿನ ಬಟ್ಟೆಯಲ್ಲಿ ಮೂರು ಮೀಟರ್ ತಂದಿದ್ದೇನೆ ಎಂದಿರಿ. ಆ ಅಗಲದಲ್ಲಿ ಅಂಗಿಯ ಮುಂದು ಹಿಂದು ಪಕ್ಕಪಕ್ಕ ಕೂರುವುದಿಲ್ಲ, ಒಂದರ ಕೆಳಗೊಂದು ಹಾಕಬೇಕು. ಪ್ಯಾಂಟಿಗೂ ಎರಡು ಉದ್ದ ಬೇಕು. ನಾಲ್ಕು ಮೀಟರ್‌ಗೆ ಕಡಿಮೆ ಆಗುವುದೇ ಇಲ್ಲ. ನೀವು ಉಳಿದ ಬಟ್ಟೆಯಲ್ಲಿ ಹೊಂದಿಸಲು ತೊಡೆಯ ಅಗಲವನ್ನು ಕಿತ್ತುಕೊಂಡಿದ್ದೀರಿ. ಸರಿಯೇ?

58 ಇಂಚು ಅಗಲದ್ದು ಕೇಳಿ ತನ್ನಿ. ನಿಮ್ಮ ಮಗಳ ಎತ್ತರಕ್ಕೆ ಎರಡೂವರೆ ಮೀಟರ್ ಧಾರಾಳ, ಆರಡಿ ಹುಡುಗರಿಗೆ ಮೂರು. ಮೀಟರಿನ ಬೆಲೆ ಹೆಚ್ಚೆನಿಸಿದರೂ ಜೊತೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟಕ್ಕೇ ಬರುತ್ತದೆ.

ತಂದ ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಹಾಕಿ. ಇದನ್ನು ಹೇಳಿದರೆ ಈಗಿನವರು ‘ಅಯ್ಯೋ ಒಂದು ದಿನ ಹೋಯಿತು’ ಎನ್ನುತ್ತಾರೆ. ನಿಮ್ಮ 29 ಇಂಚಿಗೆ ಒಂದೂವರೆ ಎಂದರೆ ನೂರಕ್ಕೆ ಐದು. ಹತ್ತಿ ಅಷ್ಟು ಕುಗ್ಗುವುದು ಅದರ ಹುಟ್ಟುಗುಣ. ಒಂದು ದಿನ ಕಾಯದ್ದಕ್ಕೆ ಒಂದು ಜೊತೆ ಹೋಯಿತು.

ಸೂಜಿಮನೆ_ಮಂಡ್ಯ
ರಾಯರೇ, ನೀವು ನನ್ನ ಮನೆಯ ಕಿಟಕಿಯಲ್ಲಿ ನಿಂತು ನೋಡಿದಂತೆ ಹೇಳಿದಿರಿ. ತೊಡೆಯ ಅಗಲದಲ್ಲಿ ಎರಡಿಂಚು ಕಡಿಮೆ ಮಾಡಿದ್ದು ನಿಜ.

ಚಾಮುಂಡಿಪುರದವನು
ಆಂಟಿ, ನಾನು ಈಗ ಹೌಸ್ ಸರ್ಜನ್. ಹತ್ತಿ, ಪಾಪ್ಲಿನ್ ಎಲ್ಲ ಬಿಡಿ. ಲೈಕ್ರಾ ಎಂಬ ಹಿಗ್ಗುವ ಎಳೆ ಸೇರಿದ, ನಾಲ್ಕೂ ದಿಕ್ಕಿಗೆ ಹಿಗ್ಗುವ ಬಟ್ಟೆ ತನ್ನಿ. ಇಸ್ತ್ರಿ ಬೇಡ, ಕುಕ್ಕರಗಾಲಿನಲ್ಲಿ ಕೂತರೂ ಹರಿಯುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಎಲ್ಲರೂ ಅದನ್ನೇ ತೊಡುತ್ತಾರೆ.

ವಾರ್ಡ್‌ಅಕ್ಕ
ಡಾಕ್ಟರೇ, ನಿಮ್ಮ ಬ್ಯಾಚಿನವರ ಬಟ್ಟೆಯ ಮೇಲೆ ಹೈಪೋ ಬಿದ್ದ ಮೇಲೆ ನೋಡಿ ಮಾತನಾಡೋಣ.

ಹಾಸುಹೊಕ್ಕು
ವಾರ್ಡ್‌ಅಕ್ಕ ಒಂದು ಸಾಲಿನಲ್ಲಿ ಮುಗಿಸಿದ್ದನ್ನು ನಾನು ಸ್ವಲ್ಪ ಬಿಡಿಸುತ್ತೇನೆ. ಜವಳಿ ಗಿರಣಿಯಲ್ಲಿ ಗುಣಮಟ್ಟದ ವಿಭಾಗದಲ್ಲಿದ್ದೆ.

ಹೈಪೋ ಎಂದರೆ ಸೋಡಿಯಂ ಹೈಪೋಕ್ಲೋರೈಟ್, ಕ್ಲೋರಿನ್ ಬ್ಲೀಚು. ಲೈಕ್ರಾಗೆ ಕ್ಲೋರಿನ್ ಶತ್ರು. ನಾಲ್ಕಾರು ಸಲ ತಗುಲಿದರೆ ಹಿಗ್ಗಿದ್ದು ಹಿಂದಿರುಗುವುದಿಲ್ಲ, ಮೊಣಕಾಲಿನಲ್ಲಿ ಚೀಲ ಬೀಳುತ್ತದೆ. ಬಿಸಿ ನೀರು, ಬಿಸಿ ಇಸ್ತ್ರಿಯೂ ಅದಕ್ಕೆ ಆಗದು. ಹತ್ತಿಯ ಎಳೆ ಇಷ್ಟು ಬೇಗ ಸೋಲುವುದಿಲ್ಲ, ಆದರೆ ಅದಕ್ಕೆ ಹಾಕಿದ ಸಾಮಾನ್ಯ ಬಣ್ಣಗಳು ಕ್ಲೋರಿನ್‌ಗೆ ನಿಲ್ಲುವುದಿಲ್ಲ. ಹನಿ ಬಿದ್ದಲ್ಲಿ ಮಾಸಲು ಚುಕ್ಕೆ ಶಾಶ್ವತ. ಪಾಲಿಯೆಸ್ಟರಿನ ಬಣ್ಣ ಎಳೆಯ ಒಳಗೇ ಕೂತಿರುವುದರಿಂದ ಹೆಚ್ಚು ತಡೆಯುತ್ತದೆ.

ಆದ್ದರಿಂದ ನನ್ನ ಮತ ಟೆರಿಕಾಟ್‌ಗೆ, ಅಂದರೆ ಪಾಲಿಯೆಸ್ಟರ್ ಮತ್ತು ಹತ್ತಿಯ ಮಿಶ್ರಣಕ್ಕೆ. ಸಾಮಾನ್ಯವಾಗಿ ಸಿಗುವುದು 65 ಪಾಲಿಯೆಸ್ಟರ್, 35 ಹತ್ತಿ. ಹತ್ತಿ ಹೆಚ್ಚಿರುವುದು ಸಿಕ್ಕರೆ ನಮ್ಮ ಏಪ್ರಿಲ್ ತಿಂಗಳಿಗೆ ಇನ್ನೂ ಒಳ್ಳೆಯದು. ತೂಕ ಚದರ ಮೀಟರಿಗೆ 150ರಿಂದ 180 ಗ್ರಾಂ ಇರಲಿ. 120ಕ್ಕಿಂತ ಇಳಿದರೆ ತಿಳಿ ಬಣ್ಣದಲ್ಲಿ ಒಳಗಿನದ್ದು ಕಾಣುತ್ತದೆ. 220 ದಾಟಿದರೆ ಡ್ರಿಲ್ಲು ಎಂಬ ದಪ್ಪ ಬಟ್ಟೆ, ಅದು ಪೊಲೀಸರ ಪ್ಯಾಂಟಿಗೆ ಸರಿ.

ಗ್ರಾಂ ಲೆಕ್ಕ ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಬಟ್ಟೆಯ ಹಿಂದೆ ಅಂಗೈ ಇಟ್ಟು ಬೆಳಕಿಗೆ ಹಿಡಿಯಿರಿ. ಬೆರಳುಗಳನ್ನು ಎಣಿಸಲು ಬಂದರೆ ಬೇಡ. ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಚುಕಿ ಬಿಡಿ, ಎಷ್ಟು ಸುಕ್ಕು ಬಿತ್ತು ನೋಡಿ. ಒಂದು ಹನಿ ನೀರು ಬಿಡಿ. ತಕ್ಷಣ ಹರಡಿದರೆ ಬೆವರನ್ನೂ ಹೀರುತ್ತದೆ, ಗೋಲಿಯಂತೆ ಕುಳಿತರೆ ಮಗಳು ಬೇಯುತ್ತಾಳೆ. ಹೊಸ ಬಟ್ಟೆಯಲ್ಲಿ ಗಂಜಿ ಇದ್ದರೆ ಮಾತ್ರ ಈ ಹನಿಯ ಪರೀಕ್ಷೆ ಮೋಸ ಮಾಡುತ್ತದೆ, ಆ ಮೂಲೆಯನ್ನು ತೊಳೆದು ನೋಡಬೇಕು.

ಬಾಬಿನ್
ಸುಡುವ ಪರೀಕ್ಷೆ ಬಿಟ್ಟಿರಿ ಸರ್! ‘ನೂರಕ್ಕೆ ನೂರು ಕಾಟನ್’ ಎಂದು ಅಂಗಡಿಯೊಂದರಲ್ಲಿ ಕೊಟ್ಟದ್ದರ ನಾಲ್ಕು ಎಳೆ ಮನೆಯಲ್ಲಿ ಸುಟ್ಟೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಬೇಕು. ಇದು ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಹಿಂದಕ್ಕೆ ಕೊಡಲು ಹೋದರೆ ‘ಕತ್ತರಿಸಿದ ಬಟ್ಟೆ ವಾಪಸ್ ಇಲ್ಲ’ ಎಂದರು.

ಗದ್ದೆಬದು
ಅಂಗಡಿಯಲ್ಲೇ ಬೆಂಕಿಪೊಟ್ಟಣ ತೆಗೆದಿದ್ದರೆ ಬೇಗ ಇತ್ಯರ್ಥವಾಗುತ್ತಿತ್ತು.

ರಸಬಾಳೆ
ನೀವೆಲ್ಲ ಪಾಲಿಯೆಸ್ಟರಿಗೆ ಮಾರುಹೋಗಿರುವುದು ನೋಡಿ ಬೇಸರವಾಗುತ್ತದೆ. ನಂಜನಗೂಡಿನ ಪಕ್ಕದಲ್ಲೇ ಬದನವಾಳು ಇದೆ, 1927ರಲ್ಲಿ ಗಾಂಧೀಜಿ ಬಂದು ನೋಡಿ ಹೋದ ಖಾದಿ ಕೇಂದ್ರ. ಮೇಲುಕೋಟೆಯಲ್ಲಿ ಕೈಮಗ್ಗದ ಬಟ್ಟೆ ಸಿಗುತ್ತದೆ. ಮೈಗೆ ತಂಪು. ಪಾಲಿಯೆಸ್ಟರ್ ಮೇಲೆ ರೋಗಾಣು ಹೆಚ್ಚು ದಿನ ಬದುಕುತ್ತದೆ ಎಂಬುದನ್ನೂ ಓದಿಕೊಳ್ಳಿ. ಇಂಗ್ಲೆಂಡಿನ ಡಿ ಮಾಂಟ್‌ಫೋರ್ಟ್ ವಿಶ್ವವಿದ್ಯಾಲಯದವರು 2021ರಲ್ಲಿ ಕೊರೋನಾ ಜಾತಿಯ ವೈರಸ್ಸನ್ನು ಬಟ್ಟೆಗಳ ಮೇಲೆ ಇಟ್ಟು ನೋಡಿದರು. ಪಾಲಿಯೆಸ್ಟರಿನ ಮೇಲೆ ಮೂರು ದಿನ ಉಳಿಯಿತು, ಹತ್ತಿಯ ಮೇಲೆ ಒಂದೇ ದಿನ.

ಹಾಸುಹೊಕ್ಕು
ಅದೇ ಪರೀಕ್ಷೆಯಲ್ಲಿ ಮಿಶ್ರಣದ ಬಟ್ಟೆಯ ಮೇಲೆ ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಯಾಕೆ ನುಂಗಿದಿರಿ? ಆರು ಗಂಟೆ. ಹತ್ತಿಗಿಂತ ಕಡಿಮೆ.

ರಸಬಾಳೆ
ಅದು ಒಂದು ವೈರಸ್ಸಿನ ಮಾತು. ಎಲ್ಲ ರೋಗಾಣುಗಳಿಗೂ ಅನ್ವಯಿಸುವುದಿಲ್ಲ.

ಹಾಸುಹೊಕ್ಕು
ಒಪ್ಪಿದೆ. ಹಾಗಾದರೆ ನಿಮ್ಮ ಮೂರು ದಿನವೂ ಅನ್ವಯಿಸುವುದಿಲ್ಲ.

ವಾರ್ಡ್‌ಅಕ್ಕ
ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ಯಾವ ಬಟ್ಟೆಯಾದರೂ ಡ್ಯೂಟಿ ಮುಗಿದ ಕೂಡಲೇ ಕಳಚಿ ಬೇರೆ ಚೀಲಕ್ಕೆ ಹಾಕಬೇಕು. ಮನೆಯವರ ಬಟ್ಟೆಯ ಜೊತೆ ಸೇರಿಸದೆ, ಅದು ತಡೆಯುವಷ್ಟು ಬಿಸಿ ನೀರಿನಲ್ಲಿ ಒಗೆಯಬೇಕು. ವಾಷಿಂಗ್ ಮಷೀನಿನಲ್ಲಿ 60 ಡಿಗ್ರಿಯ ಆಯ್ಕೆ ಇದ್ದರೆ ಅದನ್ನೇ ಒತ್ತಿ. ಆಮೇಲೆ ಬಿಸಿಲು, ಇಸ್ತ್ರಿ. ಸ್ಕ್ರಬ್ಸ್ ತೊಟ್ಟುಕೊಂಡೇ ಹೋಟೆಲಿನಲ್ಲಿ ಮಸಾಲೆದೋಸೆ ತಿನ್ನುವ ಮಕ್ಕಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಟ್ಟೆಯ ಜಾತಿ ವಿಚಾರಿಸುವ ಮೊದಲು ಅದನ್ನು ನಿಲ್ಲಿಸಿ.

ಖಾದಿ ನನಗೂ ಇಷ್ಟ. ಆದರೆ ದಪ್ಪ ಖಾದಿ ಜೂನ್, ಜುಲೈಯಲ್ಲಿ ಹಾಸ್ಟೆಲಿನ ಹಗ್ಗದ ಮೇಲೆ ಎರಡು ದಿನವಾದರೂ ಒಣಗುವುದಿಲ್ಲ. ಮೂರು ಜೊತೆ ಇರುವವಳು ನಾಲ್ಕನೆಯ ದಿನ ಏನು ತೊಡಬೇಕು?

ಚಾಮುಂಡಿಪುರದವನು
ಮಸಾಲೆದೋಸೆಯ ಮಾತು ನನಗೇ ಹೇಳಿದ್ದು ಎಂದು ಗೊತ್ತಾಯಿತು.

ಅರಿವಳಿಕೆ_ಮೈಸೂರು
ಬಣ್ಣದ ಮಾತು ಬಂದದ್ದರಿಂದ ಸ್ವಲ್ಪ ದಾರಿ ತಪ್ಪುತ್ತೇನೆ. ಮೊದಲು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಎಲ್ಲವೂ ಬಿಳಿಯೇ ಇತ್ತು. ದೀಪದ ಬೆಳಕು ಬಿಳಿ ಬಟ್ಟೆಗೆ ಬಡಿದು ಕಣ್ಣು ಕುಕ್ಕುತ್ತಿತ್ತು. 1914ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಎಂಬ ಶಸ್ತ್ರವೈದ್ಯ ಪಾಲಕ್ ಸೊಪ್ಪಿನ ಹಸಿರನ್ನು ತಂದರು. ಕೆಂಪಿಗೆ ಎದುರು ಬಣ್ಣ ಹಸಿರು. ರಕ್ತವನ್ನೇ ದಿಟ್ಟಿಸಿದ ಕಣ್ಣು ಬಿಳಿಯ ಮೇಲೆ ಬಿದ್ದರೆ ಹಸಿರು ನೆರಳು ತೇಲುತ್ತದೆ, ಹಸಿರಿನ ಮೇಲೆ ಬಿದ್ದರೆ ಅದು ಕಾಣುವುದಿಲ್ಲ.

ಓಟಿಯಲ್ಲಿ ಹಳಬರು ಹತ್ತಿಗೇ ಅಂಟಿಕೊಂಡದ್ದಕ್ಕೆ ನಮ್ಮ ಅರಿವಳಿಕೆ ವಿಭಾಗದ್ದೇ ಒಂದು ಕಾರಣವಿದೆ. ರೋಗಿಗೆ ಪ್ರಜ್ಞೆ ತಪ್ಪಿಸಲು ಈಥರ್ ಕೊಡುತ್ತಿದ್ದ ಕಾಲದಲ್ಲಿ ನೈಲಾನ್ ಬಟ್ಟೆಯ ಉಜ್ಜಾಟದ ಕಿಡಿಯೂ ಅಪಾಯವಾಗಿತ್ತು, ಈಥರಿನ ಆವಿ ಹತ್ತಿಕೊಳ್ಳುತ್ತದೆ. ಈಗ ಈಥರ್ ಹೋಯಿತು, ಅಭ್ಯಾಸ ಉಳಿಯಿತು.

ವಾರ್ಡಿಗೆ ಪ್ರಾಯೋಗಿಕ ಮಾತು: ಕಡು ಬಣ್ಣದಲ್ಲಿ ಕಲೆ ಕಾಣುವುದಿಲ್ಲ ಎಂದು ಎಲ್ಲರೂ ಅದನ್ನೇ ಆರಿಸುತ್ತಾರೆ. ಕಲೆ ಕಾಣಬೇಕು! ಕಂಡರೆ ತಾನೇ ಬದಲಾಯಿಸುತ್ತೀರಿ? ನನ್ನ ಆಯ್ಕೆ ನಡುವಿನ ನೀಲಿ.

ಸೂಜಿಮನೆ_ಮಂಡ್ಯ
ಸರ್, ನಿಮಗೆ ಒಗೆಯುವವರು ಬೇರೆ ಇದ್ದಾರೆ ಎಂದು ಕಾಣುತ್ತದೆ.

ಅರಿವಳಿಕೆ_ಮೈಸೂರು
ತಪ್ಪೊಪ್ಪಿಕೊಳ್ಳುತ್ತೇನೆ.

ವಾರ್ಡ್‌ಅಕ್ಕ
ರಕ್ತದ ಕಲೆಗೆ ತಣ್ಣೀರು, ಬಿಸಿ ನೀರು ಬೇಡವೇ ಬೇಡ, ಕಲೆ ಬೆಂದು ಕೂರುತ್ತದೆ. ತಣ್ಣೀರಿನಲ್ಲಿ ಕಲೆ ಹೋದ ಮೇಲೆ ಬಿಸಿ ಒಗೆತ. ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ನಿನ ಕಂದು ಕಲೆಗೆ ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ನೀರಿನಲ್ಲಿ ಕದಡಿ ಹಚ್ಚಿ, ಕಣ್ಣೆದುರಿಗೇ ಮಾಯವಾಗುತ್ತದೆ.

ಬಾಬಿನ್
ಇದು ನನಗೆ ಗೊತ್ತೇ ಇರಲಿಲ್ಲ. ಬರೆದುಕೊಂಡೆ.

ಕಟಿಂಗ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅಕ್ಕ, ನಿಮ್ಮ ಮಗಳ ಸೀನಿಯರುಗಳ ಹತ್ತಿರ ಹಳೆಯದಾಗಿ ಬಿಸಾಡುವ ಸ್ಕ್ರಬ್ಸ್ ಒಂದು ಕೇಳಿ ತನ್ನಿ. ಒಗೆದು, ಹೊಲಿಗೆ ಬಿಚ್ಚಿ, ಪ್ರತಿ ತುಂಡನ್ನೂ ಹಳೆಯ ದಿನಪತ್ರಿಕೆಯ ಮೇಲೆ ಹರಡಿ ಗೆರೆ ಎಳೆಯಿರಿ. ಅದರ ಮೇಲೆ ಮಗಳ ಅಳತೆಗೆ ತಕ್ಕಂತೆ ಕಡಿಮೆ ಮಾಡಿಕೊಳ್ಳಿ. ಉದ್ದ ಕಡಿಮೆ ಮಾಡುವಾಗ ಕೆಳಗಿನಿಂದ ಮಾತ್ರ ಕತ್ತರಿಸಬೇಡಿ, ಸೊಂಟದ ಮೇಲೊಂದು ಕಡೆ ಕಾಗದವನ್ನು ಮಡಿಸಿ. ಇಲ್ಲದಿದ್ದರೆ ಜೇಬು ಮೊಣಕಾಲಿಗೆ ಬರುತ್ತದೆ. ನಾನು ಹಾಗೆ ಮಾಡಿಕೊಂಡಿದ್ದೇನೆ, ನಗಬೇಡಿ.

ಕತ್ತರಿರಾಯರು
ಹುಡುಗಿ ಸರಿಯಾಗಿ ಹೇಳಿದಳು. ಉಳಿದದ್ದು ನಾನು ಹೇಳುತ್ತೇನೆ.

ಅಂಗಿ: ಎದೆ ಸುತ್ತಳತೆಗೆ ಆರು ಇಂಚು ಸೇರಿಸಿ. ಕುರ್ತಾದಂತೆ ಸೊಂಟದಲ್ಲಿ ಒಳಕ್ಕೆ ತರಬೇಡಿ, ನೇರ ಬಿಡಿ. ಪಕ್ಕದಲ್ಲಿ ನಾಲ್ಕಿಂಚು ಸೀಳು. ಸೀಳು ಶುರುವಾಗುವಲ್ಲಿ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡದಿದ್ದರೆ ವಾರದಲ್ಲಿ ಕಂಕುಳವರೆಗೆ ಹೋಗುತ್ತದೆ. ವಿ ಆಕಾರದ ಕುತ್ತಿಗೆಗೆ ಒಳಗಿನಿಂದ ಪಟ್ಟಿ ಕೊಡಿ, ಪಟ್ಟಿಗೆ ತೆಳು ಬಕ್ರಂ (ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆ) ಅಂಟಿಸಿ. ತುದಿಯಲ್ಲಿ ಕತ್ತರಿಯನ್ನು ಹೊಲಿಗೆಗೆ ಒಂದೆಳೆ ದೂರದವರೆಗೆ ತನ್ನಿ. ಹೆದರಿ ಅರ್ಧಕ್ಕೆ ನಿಲ್ಲಿಸಿದರೆ ಸುಕ್ಕು, ಒಂದೆಳೆ ಮುಂದೆ ಹೋದರೆ ತೂತು.

ಪ್ಯಾಂಟು: ಇಲ್ಲೇ ಎಲ್ಲರೂ ಬೀಳುವುದು. ಪೈಜಾಮದಂತೆ ಮುಂದು ಹಿಂದು ಒಂದೇ ಅಳತೆಗೆ ಕತ್ತರಿಸುತ್ತಾರೆ. ಮನುಷ್ಯ ಹಿಂದೆಯೂ ಮುಂದೆಯೂ ಒಂದೇ ಆಕಾರವೇ? ಹಿಂದಿನ ತುಂಡು ಸೊಂಟದಲ್ಲಿ ಮುಂದಿನದ್ದಕ್ಕಿಂತ ಒಂದೂವರೆಯಿಂದ ಎರಡಿಂಚು ಎತ್ತರವಿರಬೇಕು, ತೊಡೆಸಂದಿನ ಬಾಗೂ ಹೆಚ್ಚು ಉದ್ದವಿರಬೇಕು. ಇಲ್ಲದಿದ್ದರೆ ಬಗ್ಗಿದಾಗ ಹಿಂದೆ ಜಾರುತ್ತದೆ ಅಥವಾ ನಿಮ್ಮದರಂತೆ ಪರ್ರೆನ್ನುತ್ತದೆ. ಆ ಹೊಲಿಗೆಯನ್ನು ಎರಡು ಸಲ ಓಡಿಸಿ. ಓವರ್‌ಲಾಕ್ ಮಷೀನು ಇಲ್ಲದಿದ್ದರೆ ಷರ್ಟಿನ ಪಕ್ಕದಲ್ಲಿರುವಂತೆ ಅಂಚನ್ನು ಒಳಗೆ ಮಡಚಿ ಕೂರಿಸಿ ಮೇಲೊಂದು ಹೊಲಿಗೆ ಹಾಕಿ, ನೂಲು ಏಳುವುದಿಲ್ಲ.

ಎಳೆ ನೋಡಿ ಕತ್ತರಿಸಿ. ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆ, ತಲೆಯಿಂದ ಕಾಲಿಗೆ ಬರಲಿ. ಬಟ್ಟೆ ಉಳಿಸಲು ಒಂದು ಕಾಲನ್ನು ಅಡ್ಡ ಹಾಕಿದವರ ಪ್ಯಾಂಟು ನಾಲ್ಕು ಒಗೆತಕ್ಕೆ ಹಗ್ಗದಂತೆ ತಿರುಚಿಕೊಂಡದ್ದನ್ನು ನೋಡಿದ್ದೇನೆ. ಸೂಜಿ 14ನೇ ನಂಬರು, ದಾರ ಪಾಲಿಯೆಸ್ಟರ್. ಹತ್ತಿಯ ದಾರ ಬೇಡ.

ಚಾಮುಂಡಿಪುರದವನು
ರಾಯರೇ, ಹೊಲಿದು ಕೊಡುತ್ತೀರಾ? ಮೂರು ಜೊತೆ.

ಕತ್ತರಿರಾಯರು
ಕಣ್ಣು ಹೋಯಿತಪ್ಪ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು. ಬಾಯಿ ಮಾತ್ರ ಉಳಿದಿದೆ.

ಗದ್ದೆಬದು
ಎಲಾಸ್ಟಿಕ್ಕೋ ಲಾಡಿಯೋ? ಇದೇ ಮುಖ್ಯ ಪ್ರಶ್ನೆ ಎಂದು ನನ್ನ ಭಾವನೆ.

ವಾರ್ಡ್‌ಅಕ್ಕ
ಎರಡೂ. ಹಿಂದಕ್ಕೆ ಒಂದಿಂಚಿನ ಎಲಾಸ್ಟಿಕ್, ಮುಂದೆ ಲಾಡಿ. ಬರೀ ಲಾಡಿಯಾದರೆ ರಾತ್ರಿ ಮೂರು ಗಂಟೆಗೆ ಗಂಟು ಬಿಚ್ಚುವುದಿಲ್ಲ. ಬರೀ ಎಲಾಸ್ಟಿಕ್ಕಾದರೆ ಜೇಬಿನಲ್ಲಿ ಫೋನು ಇಟ್ಟ ಕೂಡಲೇ ಪ್ಯಾಂಟು ಇಳಿಯುತ್ತದೆ.

ಜೇಬಿನ ವಿಷಯ ಬಂದೇಬಿಟ್ಟಿತು. ಎದೆಯ ಜೇಬು ಚೆಂದಕ್ಕೆ. ರೋಗಿಯ ಮೇಲೆ ಬಗ್ಗಿದರೆ ಅದರಲ್ಲಿರುವುದೆಲ್ಲ ಹಾಸಿಗೆಯ ಮೇಲೆ. ಅಂಗಿಯ ಕೆಳಭಾಗದಲ್ಲಿ ಎರಡು ದೊಡ್ಡ ಜೇಬು ಕೊಡಿ. ಬಲಗಡೆಯದರಲ್ಲಿ ಒಂದೂವರೆ ಇಂಚು ಬಿಟ್ಟು ಉದ್ದಕ್ಕೆ ಒಂದು ಹೊಲಿಗೆ ಹಾಕಿದರೆ ಪೆನ್ನು, ಟಾರ್ಚು, ಕತ್ತರಿ ನೆಟ್ಟಗೆ ನಿಲ್ಲುತ್ತವೆ. ಪ್ಯಾಂಟಿನ ತೊಡೆಯ ಪಕ್ಕದಲ್ಲಿ ಫೋನಿಗೊಂದು. ಮಗಳು ಎಡಗೈಯವಳಾದರೆ ಎಲ್ಲ ತಿರುಗಿಸಿ.

ಸೂಜಿಮನೆ_ಮಂಡ್ಯ
ಎಡಗೈಯವಳೇ! ಕೇಳಿದ್ದಕ್ಕೆ ಕೈಮುಗಿಯುತ್ತೇನೆ, ನಾನು ಹೆತ್ತವಳಾಗಿಯೂ ಮರೆತು ಬಲಕ್ಕೇ ಹೊಲಿಯುತ್ತಿದ್ದೆ.

ಸೂಜಿಮನೆ_ಮಂಡ್ಯ
ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ವಿಭಾಗದವರು ಬಾಟಲ್ ಗ್ರೀನ್ ಎಂದರು. ಪೇಟೆ ಬೀದಿಯಲ್ಲಿ 58 ಇಂಚಿನದ್ದು ಆ ಬಣ್ಣದಲ್ಲಿ ಸಿಗಲಿಲ್ಲ, ಮೈಸೂರಿಗೆ ಹೋಗಿ ದೇವರಾಜ ಅರಸು ರಸ್ತೆ, ಸಂತೆಪೇಟೆ ಎರಡೂ ಸುತ್ತಿ ಟೆರಿಕಾಟ್ ಐದು ಮೀಟರ್ ತಂದೆ. ಬೆರಳು ಎಣಿಸಲು ಬರಲಿಲ್ಲ, ನೀರಿನ ಹನಿ ಹರಡಿತು. ಬೆಂಕಿಪೊಟ್ಟಣ ತೆಗೆಯಲಿಲ್ಲ. ರಾತ್ರಿ ನೆನೆಸಿದೆ, ಬಣ್ಣ ಸ್ವಲ್ಪವೂ ಬಿಡಲಿಲ್ಲ. ಒಣಗಿದ ಮೇಲೆ ಅಳೆದರೆ ಐದು ಮೀಟರಿನಲ್ಲಿ ಎರಡು ಇಂಚು ಮಾತ್ರ ಕಡಿಮೆ.

ಹೊಸ ಬಟ್ಟೆಗೆ ಕತ್ತರಿ ಹಾಕಲು ಕೈ ನಡುಗಿತು. ಹಾಗಾಗಿ ಆ ನೀಲಿಯಾಗಿದ್ದ ಪಂಚೆಯಲ್ಲೇ ಮೊದಲು ಒಂದು ಪ್ಯಾಂಟು ಹೊಲಿದು ನೋಡಿದೆ. ಮಗಳು ಹತ್ತು ಸಲ ಕೂತು ಎದ್ದಳು, ಹರಿಯಲಿಲ್ಲ. ಹಿಂದೆ ಎರಡಿಂಚು ಏರಿಸಿದ್ದು ಅವಳಿಗೆ ಹೆಚ್ಚಾಗಿ ಬೆನ್ನಿನಲ್ಲಿ ಉಬ್ಬಿತು, ಒಂದೂವರೆಗೆ ಇಳಿಸಿದೆ. ಆಮೇಲೆ ಹಸಿರು ಕತ್ತರಿಸಿದೆ. ಒಂದು ಜೊತೆ ಮುಗಿದಿದೆ, ಎರಡನೆಯದಕ್ಕೆ ತೋಳು ಬಾಕಿ.

ಒಂದೇ ತೊಂದರೆ. ವಿ ಕುತ್ತಿಗೆ ಏಳು ಇಂಚು ಇಳಿಸಿದ್ದೆ. ನಿಂತಾಗ ಸರಿಯಾಗಿದೆ, ಬಗ್ಗಿದರೆ ಮುಂದಕ್ಕೆ ಬಾಯಿ ಬಿಡುತ್ತದೆ.

ವಾರ್ಡ್‌ಅಕ್ಕ
ಅವಳ ಎತ್ತರಕ್ಕೆ ಐದೂವರೆ ಸಾಕಿತ್ತು. ಬಿಚ್ಚಬೇಡಿ. ಉಳಿದ ಚೂರಿನಲ್ಲಿ ತ್ರಿಕೋನದ ತುಂಡು ಒಳಗಿನಿಂದ ಕೂರಿಸಿ, ಬೇಕೆಂದೇ ಮಾಡಿದ ವಿನ್ಯಾಸದಂತೆ ಕಾಣುತ್ತದೆ.

ಕತ್ತರಿರಾಯರು
ಮೂವತ್ತೆಂಟು ವರ್ಷದಲ್ಲಿ ನಾನು ಮಾಡಿದ ವಿನ್ಯಾಸಗಳಲ್ಲಿ ಅರ್ಧ ಹಾಗೆ ಹುಟ್ಟಿದವು.

ಗದ್ದೆಬದು
ಪಂಚೆಯ ಪ್ಯಾಂಟು ಏನಾಯಿತು ಅಕ್ಕ?

ಸೂಜಿಮನೆ_ಮಂಡ್ಯ
ಸೊಂಟಕ್ಕೆ ಬಟ್ಟೆ ಧಾರಾಳವಾಗಿ ಬಿಟ್ಟಿದ್ದೆ, ಎಲಾಸ್ಟಿಕ್ ಬದಲಾಯಿಸಿದೆ. ಯಜಮಾನರು ತೊಟ್ಟುಕೊಂಡು ಹಿತ್ತಲಿನಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದಾರೆ. ಮೊಣಕಾಲಿನ ಕೆಳಗೆ ಬರುವುದಿಲ್ಲ. ಜೇಬು ಬೇಕು ಎನ್ನುತ್ತಿದ್ದಾರೆ.